ಹಿಡಿಯ ಕೆಳಗಿನ ಮುದ್ರೆ

ದಿಂಗ್‌ಷಾನ್ ಪೇಟೆಯಲ್ಲಿ ಒಂದು ಮಣ್ಣಿನ ಚಹಾ ಗಿಂಡಿ ಹಳೆಯದೋ ಹೊಸದೋ ಎಂದು ತೀರ್ಮಾನವಾಗಬೇಕಾದರೆ ಕ್ವಾಂಗ್ ಬೊರೂನ ಮೂಗು ಬೇಕಾಗಿತ್ತು. ಉಳಿದವರು ಕನ್ನಡಕ ಏರಿಸಿಕೊಂಡು ತಳದ ಮುದ್ರೆ ಓದುತ್ತ ಕೂತರೆ ಈ ಮಹಾಶಯ ಕುದಿಯುವ ನೀರು ತರಿಸಿ, ಗಿಂಡಿಯ ಮೈಮೇಲೆ ಸುರಿದು, ಕಣ್ಣು ಮುಚ್ಚಿ ಮೂಸುತ್ತಿದ್ದ. ಬೂಟ್ ಪಾಲಿಶ್ ಉಜ್ಜಿ ಮುದಿ ಮಾಡಿದ ಗಿಂಡಿಯಾದರೆ ಪಾಲಿಶ್ ನಾತ ಹೊಡೆಯುತ್ತಿತ್ತು. ದಿನವೂ ಚಹಾ ಕುಡಿದು ಕುಡಿದು ಮುದಿಯಾದ ಮಣ್ಣಾದರೆ ಖಾಲಿ ಗಿಂಡಿಯೂ ಚಹಾದ ಘಮ ಬಿಡುತ್ತಿತ್ತು. "ಮೋಸಗಾರನ ಹತ್ರ ಎಲ್ಲಾ ಇರುತ್ತೆ ಕಣ್ರಯ್ಯ, ತಾಳ್ಮೆ ಒಂದು ಇರಲ್ಲ" ಎಂದು ಅವನು ಹೇಳಿದರೆ ತೈವಾನಿನಿಂದ ಗಿಂಡಿ ಕೊಳ್ಳಲು ಬಂದ ಸಾಹುಕಾರರು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಆ ಮಾತು ಯಿನ್ ಸುಫೆನ್‌ಳಿಗೂ ಬಾಯಿಪಾಠವಾಗಿತ್ತು. ಅವಳಷ್ಟು ಶ್ರದ್ಧೆಯಿಂದ ಅದನ್ನು ಕೇಳಿಸಿಕೊಂಡವರು ಆ ಪೇಟೆಯಲ್ಲಿ ಇನ್ನೊಬ್ಬರಿರಲಿಲ್ಲ.

ಸುಫೆನ್ ಗಿಂಡಿ ಮಾಡುವವರ ಮನೆಯ ಮಗಳು. ಅವಳ ಅಪ್ಪ ಯಿನ್ ದೆಷುನ್, ಅವನ ಅಪ್ಪ, ಅವನ ಅಪ್ಪನ ಅಪ್ಪ, ಎಲ್ಲರೂ ಅದೇ ಕೆಂಗಂದು ಮಣ್ಣನ್ನು ತಟ್ಟಿ ತಟ್ಟಿ ಹೊಟ್ಟೆ ಹೊರೆದವರು. ಅವರಿಗೂ ಹಿಂದಿನ ಯಿನ್ ವಾನ್‌ಚುವಾನ್ ಎಂಬ ಮುತ್ತಾತ ಮಾಡಿದ ಒಂದು ಗಿಂಡಿ ಮನೆಯಲ್ಲಿ ಉಳಿದಿತ್ತು. ಒಂದು ಹಿಡಿಯಲ್ಲಿ ಹಿಡಿಸುವಷ್ಟು ಚಿಕ್ಕದು, ಗುಂಡಗೆ, ಮೊಂಡು ಮೂತಿಯದು. ಸಂಗ್ರಹದ ಹುಚ್ಚು ಹತ್ತಿದವರು ಆ ಮುತ್ತಾತನ ಕೈಯ ಗಿಂಡಿಗೆ ಮನೆ ಮಾರಲೂ ತಯಾರಿದ್ದರು. ದೆಷುನನ ಮನೆಯಲ್ಲಾದರೋ ಅದರಲ್ಲಿ ದಿನಾ ಬೆಳಿಗ್ಗೆ ಚಹಾ ಆಗುತ್ತಿತ್ತು. ಹಾಕುವವಳು ಸುಫೆನ್‌ಳ ತಾಯಿ ಜಿನ್‌ದಿ. ಮದುವೆಯಾಗಿ ಬಂದ ಮರುದಿನ ಅತ್ತೆ ಅದನ್ನು ಅವಳ ಕೈಗಿಟ್ಟು, "ಸೊಸೆ, ಸೋಪು ಗೀಪು ಮುಟ್ಟಿಸಿದರೆ ನಿನ್ನ ಕೈ ಮುರೀತೀನಿ" ಎಂದಿದ್ದಳಂತೆ. ಅಲ್ಲಿಂದ ಮೂವತ್ತು ವರ್ಷ ಬೇರೆಯವರು ಯಾರೂ ಅದಕ್ಕೆ ನೀರು ಹಾಕಿರಲಿಲ್ಲ.

ಎಂಬತ್ತೈದನೆಯ ಇಸವಿಯಲ್ಲಿ ದೆಷುನನ ಎದೆಯಲ್ಲಿ ಮಣ್ಣಿನ ಧೂಳು ಕೂತು ಕೆಮ್ಮು ಹತ್ತಿತು. ಶಾಂಘೈನ ದೊಡ್ಡ ಡಾಕ್ಟರಿಗೆ ತೋರಿಸಬೇಕಾಗಿತ್ತು. ಗಿಂಡಿ ಮಾರೋಣ ಎಂದು ಅವನು ಬಿಯಾನ್ ಅಜ್ಜನ ಚಹಾದಂಗಡಿಗೆ ಅದನ್ನು ತಂದ. ಅಲ್ಲಿ ಗಿಂಡಿ ಬಲ್ಲವರು ಇಪ್ಪತ್ತು ಮಂದಿ ಕೂತಿದ್ದರು, ನಡುವೆ ಕ್ವಾಂಗ್ ಬೊರೂ. ಬೊರೂ ಮತ್ತು ದೆಷುನ್ ಒಂದೇ ಗುರುವಿನ ಕೈಕೆಳಗೆ ಮಣ್ಣು ತುಳಿದವರು. ಒಬ್ಬನ ಕೈಯಲ್ಲಿ ಕಲೆ ನಿಂತಿತು, ಇನ್ನೊಬ್ಬನ ಕೈಯಲ್ಲಿ ನಿಲ್ಲಲಿಲ್ಲ. ನಿಲ್ಲದವನು ಹಳ್ಳಿ ಹಳ್ಳಿ ತಿರುಗಿ, ಒಂದು ಸೇರು ಸಕ್ಕರೆಗೆ, ಒಂದು ಬಣ್ಣದ ತಟ್ಟೆಗೆ ಹಳೆ ಗಿಂಡಿ ಕಿತ್ತುಕೊಂಡು ದೊಡ್ಡ ಮನುಷ್ಯನಾದ. ಗೆಳೆಯ ಬಾಯಿತುಂಬ ಹೊಗಳುತ್ತಾನೆ ಎಂದು ದೆಷುನ್ ಕಾದಿದ್ದ.

ಬೊರೂ ನೀರು ಹಾಕಿದ, ಮೂಸಿದ, ಮತ್ತೆ ಮೂಸಿದ. ಆಮೇಲೆ ಕಣ್ಣು ತೆರೆದು ಎಲ್ಲರಿಗೂ ಕೇಳುವಂತೆ, "ದೆಷುನ್, ನಿನ್ನ ಕೈ ಚಳಕ ಚೆನ್ನಾಗಿದೆ ಕಣಯ್ಯ. ಆದರೆ ಸತ್ತುಹೋದ ಮುತ್ತಾತನ ಮುದ್ರೆ ಒತ್ತಿ ಮಾರೋಕೆ ಬರ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದ.

ಅಷ್ಟೇ. ಅಷ್ಟು ಸಾಕಾಯಿತು. ದೆಷುನ್ ಬಾಯಿ ತೆರೆದರೆ ಬಂದದ್ದು ಬರೀ ಕೆಮ್ಮು. ಅವನು ಕೆಲಸಕ್ಕಿದ್ದ ಗಿಂಡಿ ಕಾರ್ಖಾನೆಯವರು ಅವನ ಹೆಸರಿನ ಮುದ್ರೆ ವಾಪಸು ಕೇಳಿದರು. ಗಿಂಡಿಯನ್ನು ಬೀದಿ ವ್ಯಾಪಾರಿಯೊಬ್ಬ ನಾಲ್ಕು ತಿಂಗಳ ಔಷಧದ ಬೆಲೆಗೆ ಒಯ್ದ. ಮರುವರ್ಷದ ಚಳಿಗಾಲದಲ್ಲಿ ದೆಷುನ್ ಸತ್ತ. ಸಾಯುವ ಮೊದಲು ಹೆಂಡತಿಯನ್ನು ನೋಡಿಕೊ ಎನ್ನಲಿಲ್ಲ, ಮಗಳನ್ನು ನೋಡಿಕೊ ಎನ್ನಲಿಲ್ಲ. "ನಾನು ಮಾಡಿದ್ದಲ್ಲ, ನಾನು ಮಾಡಿದ್ದಲ್ಲ" ಎನ್ನುತ್ತಲೇ ಹೋದ. ಅದನ್ನು ಕೇಳುತ್ತ ಕೂತಿದ್ದ ಸುಫೆನ್‌ಳಿಗೆ ಆಗ ಇಪ್ಪತ್ತೆಂಟು ವರ್ಷ.

ಅವನು ಸತ್ತು ಮಣ್ಣು ಆರುವ ಮೊದಲೇ, ಹೊಸವರ್ಷದ ಹಬ್ಬಕ್ಕೆ ಬೊರೂ ತನ್ನ ಗಾಜಿನ ಕಪಾಟು ತೆರೆದು ಊರಿಗೆಲ್ಲ ಗಿಂಡಿ ತೋರಿಸಿದ. ಮೇಲಿನ ಸಾಲಿನಲ್ಲಿ, ನಟ್ಟನಡುವೆ, ಅವರ ಗಿಂಡಿ ಕೂತಿತ್ತು! ಸುಫೆನ್ ಅಲ್ಲೇ ಕಿರುಚಿದಳು: "ಇದು ನಮ್ಮದು! ನಮ್ಮ ಅಪ್ಪಂದು!"

ಬೊರೂ ಒಂದಿಷ್ಟೂ ಅಳುಕಲಿಲ್ಲ. "ಪಾಪ, ಮಗು," ಎಂದ, ಮರುಕದ ಮುಖ ಮಾಡಿ. "ಇದು ಅಸಲಿ. ಸುಝೌದಲ್ಲಿ ಸಿಕ್ಕಿದ್ದು. ನಿಮ್ಮಪ್ಪ ನಕಲು ಮಾಡಿದ್ದು ಇದನ್ನೇ. ನೋಡು, ಎಷ್ಟು ಚೆನ್ನಾಗಿ ಮಾಡಿದ್ದ ಅಂದ್ರೆ ಸ್ವಂತ ಮಗಳಿಗೇ ಗೊತ್ತಾಗ್ತಾ ಇಲ್ಲ!"

ಜನ ನಕ್ಕರು. ಅಯ್ಯಾ, ಎಂಥ ನಾಲಿಗೆ! ಕದ್ದ ಮಾಲನ್ನು ಎದುರಿಗಿಟ್ಟುಕೊಂಡು, ಸತ್ತವನ ಮೇಲೆ ಇನ್ನೊಂದು ಸಲ ಉಗಿಯಬಲ್ಲ ನಾಲಿಗೆ. ಆ ದಿನ ಮನೆಗೆ ಬಂದ ಸುಫೆನ್ ಊಟ ಮಾಡಲಿಲ್ಲ, ಅಳಲಿಲ್ಲ. ಹಿತ್ತಲಿನಲ್ಲಿ ತನ್ನ ಅಜ್ಜ ಗಿಂಡಿಯ ಮಣ್ಣು ತುಂಬಿ ಹೂತಿಟ್ಟಿದ್ದ ಹರವಿಯ ಬಾಯಿ ತೆಗೆದಳು.

ಮೋಸಗಾರನಿಗೆ ತಾಳ್ಮೆ ಇರಲ್ಲ ತಾನೇ? ಸರಿ. ಇರುವ ಒಬ್ಬಳನ್ನು ತೋರಿಸೋಣ.

ಹರವಿಯ ಮಣ್ಣು ಮುತ್ತಾತ ಬಳಸಿದ ಗಣಿಯದೇ, ಈಗ ಆ ಗಣಿಯೇ ಇಲ್ಲ. ಗಿಂಡಿಯ ಅಳತೆಗೆ ಅವಳಿಗೆ ಕೋಲು ದಾರ ಬೇಕಿರಲಿಲ್ಲ. ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಅದರ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಚಳಿ ಕಾಯಿಸಿಕೊಂಡವಳು. ಬೆಂದ ಮೇಲೆ ಮಣ್ಣು ಎಷ್ಟು ಕುಗ್ಗುತ್ತದೆ ಎಂಬುದನ್ನು ಲೆಕ್ಕ ಹಾಕಿ ಅಷ್ಟು ದೊಡ್ಡದಾಗಿ ತಟ್ಟಿದಳು. ಮುತ್ತಾತನ ಮುದ್ರೆಯನ್ನು ಮನೆಯ ಹಳೆ ಕಾಗದವೊಂದರಿಂದ ನೋಡಿಕೊಂಡು ಮರದಲ್ಲಿ ಕೆತ್ತಿದಳು. ಅಪ್ಪ ಮಾಡದ ಕಳ್ಳತನವನ್ನು ಮಗಳು ಮಾಡಿದಳು. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದೇ ಮಾಡಿದಳು. ಹಿಡಿಯನ್ನು ಅಂಟಿಸುವ ಮೊದಲು, ಅದು ಕೂರುವ ಜಾಗದಲ್ಲಿ, ಗಿಂಡಿಯ ಮೈಗೆ ತನ್ನ ಸಣ್ಣ ಮುದ್ರೆ ಒತ್ತಿದಳು: 'ಯಿನ್ ದೆಷುನನ ಮಗಳು ಸುಫೆನ್, ೧೯೮೮.' ಅದರ ಮೇಲೆ ತೆಳ್ಳಗೆ ಕೆಸರು ಸವರಿ ಹಿಡಿ ಕೂರಿಸಿದಳು. ಇನ್ನು ಹಿಡಿ ಮುರಿಯದೆ ಆ ಅಕ್ಷರ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಗುಡ್ಡದ ಇಳಿಜಾರಿನ ಹಳೇ ಕಟ್ಟಿಗೆ ಆವಿಗೆಯಲ್ಲಿ ಬೇಯಿಸಿದ ಮೊದಲ ಮೂರು ಸೊಟ್ಟಗಾದವು. ನಾಲ್ಕನೆಯದು ನೆಟ್ಟಗೆ ಬಂತು.

ಅದನ್ನು ತಾಯಿಯ ಮುಂದೆ ಇಟ್ಟಾಗ ಜಿನ್‌ದಿ ಬೆಚ್ಚಿ ಎದ್ದು ನಿಂತಳು. "ಎಲ್ಲಿ ಸಿಕ್ತೇ ಇದು?"

"ಸಿಗಲಿಲ್ಲಮ್ಮ. ಮಾಡಿದೆ."

ಜಿನ್‌ದಿ ಅದನ್ನು ಎತ್ತಿಕೊಂಡು ಹಿಡಿಯೊಳಗೆ ಬೆರಳು ತೂರಿಸಿದಳು. ಮುಖ ಸಪ್ಪಗಾಯಿತು. "ಹೌದು, ಅದಲ್ಲ. ಅದರ ಹಿಡಿ ನನ್ನ ಬೆರಳಿಗೆ ಸವೆದಿತ್ತು. ಇದನ್ನಿಟ್ಕೊಂಡು ಏನು ಮಾಡ್ತೀಯ?"

"ನೀನು ಇದರಲ್ಲಿ ದಿನಾ ಎರಡು ಸಲ ಚಹಾ ಹಾಕು. ಕೆಂಪು ಚಹಾ ಮಾತ್ರ. ಕೇಳೋರು ಕೇಳಲಿ, ಯಾರಿಗೂ ತೋರಿಸ್ಬೇಡ. ಇದನ್ನ ಕೊಟ್ಟೇ ನಮ್ಮದನ್ನ ತರೋದು."

"ನಿಜವಾಗ್ಲೂ ತರ್ತೀಯಾ?"

"ತರ್ತೀನಿ."

ಜಿನ್‌ದಿ ಆ ಮಾತನ್ನು ನಂಬಿದಳು. ಹದಿಮೂರು ವರ್ಷ ನಂಬಿದಳು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಜ್ವರ ಬಂದರೂ ಬಿಡದೆ, ಒಳಗೆ ಚಹಾ ಹಾಕಿ ಹೊರಗೆ ಚಹಾ ಸುರಿದು ಮೆತ್ತನೆ ಬಟ್ಟೆಯಲ್ಲಿ ಒರೆಸಿದಳು. ಹೊಸ ಮಣ್ಣಿನ ಒರಟು ಹೋಯಿತು. ಐದನೆಯ ವರ್ಷಕ್ಕೆ ಮೈಗೆ ಮಿದುಗೆಂಪು ಬಂತು. ಹತ್ತನೆಯ ವರ್ಷಕ್ಕೆ ಒಳಗಿನಿಂದ ಹೊಳಪು ಬಂತು, ಹಿಡಿಯೂ ಮುದುಕಿಯ ಬೆರಳಿಗೆ ಸವೆಯಿತು. ಸುಫೆನ್ ಕಾರ್ಖಾನೆಯಲ್ಲಿ ಹೂವಿನ ಕುಂಡ ಮಾಡುತ್ತ, ಮದುವೆ ಮಾತು ತಂದವರನ್ನೆಲ್ಲ ವಾಪಸು ಕಳಿಸುತ್ತ, ವರ್ಷ ಎಣಿಸಿದಳು. ರಸ್ತೆಯಲ್ಲಿ ಬೊರೂ ಎದುರಾದರೆ ತಲೆ ತಗ್ಗಿಸಿ, "ಚೆನ್ನಾಗಿದ್ದೀರಾ ಮೇಷ್ಟ್ರೇ?" ಎನ್ನುತ್ತಿದ್ದಳು. ಅವನು ಬೇಗ ಸಾಯಬಾರದು ಎಂದು ದೇವರಿಗೆ ಅಗರಬತ್ತಿ ಹಚ್ಚಿದವಳು ಅವನ ಹೆಂಡತಿಯನ್ನು ಬಿಟ್ಟರೆ ಸುಫೆನ್ ಒಬ್ಬಳೇ.

ಬೊರೂಗೂ ಒಂದು ಕೊರಗಿತ್ತು. ವಾನ್‌ಚುವಾನ್ ಮಾಡಿದ್ದು ಒಂಟಿ ಗಿಂಡಿಯಲ್ಲ, ಜೋಡಿ. ಒಂದನ್ನು ಅವನೇ ಇಟ್ಟುಕೊಂಡ, ಇನ್ನೊಂದು ಮಗಳ ಮದುವೆಯಲ್ಲಿ ಬಳುವಳಿಯಾಗಿ ಹೂಫು ಗುಡ್ಡದ ಕಡೆ ಹೋಯಿತು ಎಂಬುದು ಊರಿಗೆ ಗೊತ್ತಿದ್ದ ಸಂಗತಿ. ಆ ಎರಡನೆಯದಕ್ಕಾಗಿ ಅವನು ಗುಡ್ಡದ ಹಳ್ಳಿಗಳ ಬಾಗಿಲು ಬಾಗಿಲು ತಟ್ಟಿ ಚಪ್ಪಲಿ ಸವೆಸಿದ್ದ. ಅದನ್ನು ಮದುಮಗಳು ಮೊದಲ ವರ್ಷವೇ ಬಾವಿಕಟ್ಟೆಯ ಮೇಲೆ ಒಡೆದು, ಅತ್ತೆಗೆ ಹೆದರಿ ಬಾಯಿಮುಚ್ಚಿಕೊಂಡಿದ್ದಳು. ಇದು ಮಾತ್ರ ಯಿನ್ ಮನೆಯವರ ಹೊರತು ಯಾರಿಗೂ ತಿಳಿಯದು.

ಹಾಗಾಗಿ ಎರಡು ಸಾವಿರದ ಒಂದರಲ್ಲಿ, ಕಳಲೆ ಮೊಳೆಯುವ ಕಾಲಕ್ಕೆ, ಹೂಫು ಗುಡ್ಡದ ಗೆನ್‌ಲಿನ್ ಎಂಬವನು ಬೊರೂನ ಬಾಗಿಲಿಗೆ ಒಂದು ಬುಟ್ಟಿ ಕಳಲೆ ತಂದ. ಕಳಲೆಯ ಕೆಳಗೆ ಬಟ್ಟೆ ಸುತ್ತಿದ ಗಿಂಡಿ. ಗೆನ್‌ಲಿನ್ ಸುಫೆನ್‌ಳ ತಾಯಿಯ ಕಡೆಯ ನೆಂಟ, ಬೊರೂಗೆ ಅದು ತಿಳಿಯದು. ಪೆದ್ದನ ಹಾಗೆ ಕಾಣುತ್ತಿದ್ದ, ಪೆದ್ದನಾಗಿರಲಿಲ್ಲ.

"ನಮ್ಮಜ್ಜಿ ಇದರಲ್ಲಿ ಎಣ್ಣೆ ಇಡಬೇಕು ಅಂತಾಳೆ ಯಜಮಾನ್ರೇ, ನಮ್ಮಮ್ಮ ಬೇಡ ಚಹಾಕ್ಕಿರಲಿ ಅಂತಾಳೆ. ಎಣ್ಣೆ ಇಟ್ರೆ ಏನಾದ್ರೂ ಆಗುತ್ತಾ?"

 ನೀರು ಕಾಯಿಸಲು ಹೆಂಡತಿಯನ್ನು ಕೂಗಿದ ಬೊರೂನ ದನಿ ಕೀರಲಾಗಿತ್ತಂತೆ. ನೀರು ಸುರಿದ, ಮೂಸಿದ. ಹದಿಮೂರು ವರ್ಷದ ಕೆಂಪು ಚಹಾ ಘಮ್ಮೆಂದಿತು. ಅದರಲ್ಲಿ ಮೋಸ ಎಲ್ಲಿತ್ತು? ಘಮ ನಿಜದ್ದೇ, ಸವೆತ ನಿಜದ್ದೇ, ಮಣ್ಣೂ ನಿಜದ್ದೇ. ಅವನ ಜೀವಮಾನದ ವಿದ್ಯೆಯೆಲ್ಲ ಆ ಮೂಗಿನ ತುದಿಯಲ್ಲಿತ್ತು, ಸುಫೆನ್ ಸರಿಯಾಗಿ ಅದಕ್ಕೇ ಗಾಳ ಹಾಕಿದ್ದಳು. ಬೊರೂ ತನ್ನ ಎರಡು ಒಳ್ಳೆಯ ಗಿಂಡಿ ಮಾರಿ ಇದನ್ನು ಕೊಂಡ.

"ತಗೊಂಡನಾ?" ಎಂದು ಸುಫೆನ್ ಕೇಳಿದಳು.

"ತಗೊಂಡ. ಅತ್ತುಬಿಟ್ಟ ಅಕ್ಕ, ಎದೆಗೆ ಒತ್ತಿಕೊಂಡು ಅತ್ತ," ಎಂದ ಗೆನ್‌ಲಿನ್.

"ಅಳಲಿ. ಇನ್ನೂ ಇದೆ," ಎಂದಳು ಸುಫೆನ್.

ಮರುವರ್ಷ ಶರತ್ಕಾಲದಲ್ಲಿ ಬೊರೂಗೆ ಎಪ್ಪತ್ತು ತುಂಬಿತು. ಜೋಡಿ ಗಿಂಡಿಯನ್ನು ಜಿಲ್ಲೆಯ ವಸ್ತುಸಂಗ್ರಹಾಲಯಕ್ಕೆ ದಾನ ಕೊಡುವುದೆಂದೂ, ಅಲ್ಲಿ ಒಂದು ಕೋಣೆಗೆ ಅವನ ಹೆಸರಿಡುವುದೆಂದೂ ಮಾತಾಯಿತು. ಅದಕ್ಕೆ ಮೊದಲು ಬಿಯಾನ್ ಅಜ್ಜನ ಚಹಾದಂಗಡಿಯ ಅಂಗಳದಲ್ಲಿ ಊರವರಿಗೆಲ್ಲ ದರ್ಶನ. ಬಿಯಾನ್ ಅಜ್ಜ ಗಿಂಡಿ ಸಂಗ್ರಹಕಾರರ ಸಂಘಕ್ಕೆ ಹಿರಿಯ, ಎಂಬತ್ತು ದಾಟಿದವನು, ಅವನೆಂದರೆ ಊರಿಗೆ ಭಯಭಕ್ತಿ.

ಆ ಬೆಳಿಗ್ಗೆ ಸುಫೆನ್ ತಾಯಿಗೆ ಒಗೆದ ನೀಲಿ ಅಂಗಿ ತೊಡಿಸಿದಳು. "ಬಾಮ್ಮ, ಹೋಗೋಣ."

"ಇವತ್ತು ಕೊಡ್ತಾನಾ?" ಎಂದು ಜಿನ್‌ದಿ ಕೇಳಿದಳು. ಒರೆಸುವ ಮೆತ್ತನೆ ಬಟ್ಟೆಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡಿದ್ದಳು, ಗಿಂಡಿ ಸುತ್ತಿಕೊಂಡು ಬರಲು.

"ಕೊಡದೆ ಎಲ್ಲಿ ಹೋಗ್ತಾನೆ?" ಎಂದಳು ಸುಫೆನ್. ಆ ಗಳಿಗೆಯಲ್ಲಿ ಅವಳ ಮನಸ್ಸಿನಲ್ಲೂ ಇದ್ದದ್ದು ಅದೇ. ಮುದ್ರೆ ತೋರಿಸುವುದು, ಊರೆದುರು ಅವನ ಮೂಗು ಕತ್ತರಿಸುವುದು, ಅಪ್ಪನ ಹೆಸರನ್ನೂ ಅಪ್ಪನ ಗಿಂಡಿಯನ್ನೂ ವಾಪಸು ತರುವುದು.

ಅಂಗಳ ಕಿಕ್ಕಿರಿದಿತ್ತು. ಕುಂಬಳಬೀಜ ಕಡಿಯುವ ಸದ್ದು, ಗಲಗಲ ಮಾತು. ಮೇಜಿನ ಮೇಲೆ ಕೆಂಪು ಬಟ್ಟೆ, ಅದರ ಮೇಲೆ ಎರಡು ಗಿಂಡಿ ಅಕ್ಕಪಕ್ಕ. ಬೊರೂ ರೇಷ್ಮೆ ಅಂಗಿ ತೊಟ್ಟು ಕಥೆ ಹೇಳುತ್ತಿದ್ದ: ನೂರೈವತ್ತು ವರ್ಷ ಅಗಲಿದ ಅಕ್ಕತಂಗಿಯರನ್ನು ತಾನು ಹೇಗೆ ಒಂದುಗೂಡಿಸಿದೆ ಎಂದು. ಕೆಲವರ ಕಣ್ಣಲ್ಲಿ ನೀರೂ ಬಂದಿತ್ತು.

ಸುಫೆನ್ ಜನರನ್ನು ಸರಿಸಿಕೊಂಡು ಮೇಜಿನ ಮುಂದೆ ಹೋಗಿ ನಿಂತಳು. "ಮೇಷ್ಟ್ರೇ, ಬಲಗಡೆಯದು ನಾನು ಮಾಡಿದ್ದು."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಬೊರೂ ಮುಗುಳ್ನಕ್ಕ. "ಓಹೋ, ದೆಷುನನ ಮಗಳು. ಅಪ್ಪನ ಖಾಯಿಲೆ ನಿನಗೂ ಅಂಟಿತೇನಮ್ಮ?"

"ಅಂಟಿದೆ. ಅದರ ಹಿಡಿಯ ಕೆಳಗೆ ನನ್ನ ಹೆಸರಿದೆ, ಇಸವಿ ಇದೆ. ಹಿಡಿ ಮುರೀರಿ. ಹೆಸರು ಇಲ್ಲದಿದ್ರೆ ನಮ್ಮ ಮನೆ, ಹಿತ್ತಲು, ಹರವೀಲಿರೋ ಹಳೇ ಮಣ್ಣು ಎಲ್ಲಾ ನಿಮ್ಮದು. ಬರೆದುಕೊಟ್ಟು ಊರು ಬಿಡ್ತೀನಿ."

"ಹುಚ್ಚಿ ಮಾತು ಕೇಳಿ ಇಂಥ ಗಿಂಡಿ ಒಡೀಬೇಕಾ?" ಬೊರೂ ಜನರ ಕಡೆ ತಿರುಗಿದ. ಆದರೆ ಜನರ ಬಾಯಿಗೆ ಆಗಲೇ ರುಚಿ ಹತ್ತಿತ್ತು. ಹಿಂದಿನಿಂದ ಯಾರೋ, "ಮೂಗಿನ ಮೇಲೆ ನಂಬಿಕೆ ಇದ್ರೆ ಹೆದರಿಕೆ ಯಾಕೆ ಮೇಷ್ಟ್ರೇ?" ಎಂದು ಕೂಗಿದರು. ಇನ್ನೊಬ್ಬ, "ಹೆಸರಿಲ್ಲದಿದ್ರೆ ಹಿಡಿ ಅಂಟಿಸಿದರಾಯ್ತು, ಅವಳ ಮನೆಯೂ ಬಂತು!" ಎಂದ. ಎಲ್ಲರೂ ಬಿಯಾನ್ ಅಜ್ಜನ ಮುಖ ನೋಡಿದರು. ಅಜ್ಜ ಕೋಲು ಊರಿಕೊಂಡು ಎದ್ದ.

"ಬೊರೂ, ದಾನ ಕೊಡೋ ವಸ್ತು. ಅದರ ಮೇಲೆ ಅನುಮಾನದ ಎಂಜಲು ಬಿತ್ತು. ತೊಳೀದೆ ಕೊಡಬಾರದು. ಮುರಿ."

ಬೊರೂ ಸುಫೆನ್‌ಳನ್ನು ದಿಟ್ಟಿಸಿದ. ಅವಳ ಮುಖದಲ್ಲಿ ಅವನು ಏನನ್ನು ಓದಿದನೋ, ಅವನ ಮುಖದಿಂದ ನಗು ಇಳಿಯಿತು. ಹೆಂಗಸು ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಾಗಿಹೋಯಿತು. ಐವತ್ತು ವರ್ಷ ಬೇರೆಯವರ ಮುಖ ನೋಡಿ ಬೆಲೆ ಕಟ್ಟಿದವನಿಗೆ ಅಷ್ಟು ತಿಳಿಯದೆ ಇರುತ್ತದೆಯೇ?

"ಆಗಲಿ," ಎಂದ. "ಕೊನೇ ಸಲ ಎರಡಕ್ಕೂ ನೀರು ಹಾಕಿ ಮೂಸ್ತೀನಿ. ಆಮೇಲೆ ಮುರೀತೀನಿ."

ಕುದಿನೀರು ಬಂತು. ಎರಡನ್ನೂ ತಟ್ಟೆಗೆ ಇಳಿಸಿದ, ಎರಡಕ್ಕೂ ನೀರು ಸುರಿದ, ಹಬೆಯ ನಡುವೆ ಬಗ್ಗಿ ಮೂಸಿದ, ಬಟ್ಟೆಯಲ್ಲಿ ಎರಡನ್ನೂ ಒರೆಸಿದ, ಮತ್ತೆ ಕೆಂಪು ಬಟ್ಟೆಯ ಮೇಲೆ ಇಟ್ಟ. ಜನ ನೋಡಿದ್ದು ಎರಡು ಕೆಂಗಂದು ಗಿಂಡಿ ಮತ್ತು ಎರಡು ಕೈ. ಸುಫೆನ್ ನೋಡಿದ್ದು ಬೇರೆ. ತಾನು ಮಾಡಿದ ಗಿಂಡಿ ಎಡಕ್ಕೆ ಹೋಯಿತು, ಅಪ್ಪನದು ಬಲಕ್ಕೆ ಬಂತು.

 ಕಳ್ಳ ಮುದುಕ! ಅಸಲಿಯನ್ನೇ ಒಡೆಯುತ್ತಾನೆ. ಅದರ ಹಿಡಿಯ ಕೆಳಗೆ ಏನೂ ಇರುವುದಿಲ್ಲ. ತನ್ನ ಮೂಗು ಉಳಿಸಿಕೊಳ್ಳಲು ವಾನ್‌ಚುವಾನ್ ಮುತ್ತಾತನ ಗಿಂಡಿಯನ್ನು ಬಲಿ ಕೊಡುತ್ತಾನೆ.

ಬೊರೂ ಸಣ್ಣ ಮರದ ಸುತ್ತಿಗೆ ಎತ್ತಿಕೊಂಡ. 'ನಿಲ್ಲಿ, ಅದಲ್ಲ' ಎನ್ನುವ ಎರಡು ಮಾತು ಸುಫೆನ್‌ಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಗಿಂಡಿ ಉಳಿಯುತ್ತಿತ್ತು. ಅವನೂ, 'ಅಯ್ಯೋ, ವಯಸ್ಸಾಯ್ತು, ಕೈ ತಪ್ಪಿತು' ಎಂದು ನಕ್ಕು ಬಚಾವಾಗುತ್ತಿದ್ದ. ಅವನು ಒಡೆಯಲಿ ಎನ್ನಿಸಿತು ಅವಳಿಗೆ. ತನ್ನ ಕೈಯಾರೆ ಒಡೆಯಲಿ, ಊರೆಲ್ಲ ನೋಡಲಿ. ನಕಲಿಗೆ ಮೋಸಹೋದವನನ್ನು ಊರು ಒಂದು ದಿನ ಕ್ಷಮಿಸೀತು, ಗೊತ್ತಿದ್ದೂ ಅಸಲಿ ಒಡೆದವನನ್ನು ಈ ದಿಂಗ್‌ಷಾನ್‌ನಲ್ಲಿ ಅವನ ಮೊಮ್ಮಕ್ಕಳ ಕಾಲಕ್ಕೂ ಕ್ಷಮಿಸುವುದಿಲ್ಲ. ಅವಳು ಹಲ್ಲು ಕಚ್ಚಿ ಸುಮ್ಮನೆ ನಿಂತಳು.

ಮೊದಲ ಪೆಟ್ಟಿಗೆ ಹಿಡಿ ಬಿಡಲಿಲ್ಲ. ಮುತ್ತಾತ ಅಂಟಿಸಿದ ಹಿಡಿ, ಬಿಟ್ಟೀತು ಹೇಗೆ? ಗಿಂಡಿಯ ಹೊಟ್ಟೆಯೇ ಸೀಳಿ ಐದು ಚೂರಾಯಿತು. ಎರಡನೆಯ ಪೆಟ್ಟಿಗೆ ಹಿಡಿ ಕಳಚಿ ಬಿತ್ತು. ಬೊರೂ ಆ ಹಿಡಿಯನ್ನೂ ಅದು ಕೂತಿದ್ದ ಚೂರನ್ನೂ ಎತ್ತಿ ಎಲ್ಲರಿಗೂ ತೋರಿಸಿದ. ಬರೀ ಮಣ್ಣು.

"ನೋಡಿದ್ರಾ? ಎಲ್ಲಮ್ಮ ನಿನ್ನ ಹೆಸರು?"

ನಗೆ ಏಳುವಷ್ಟರಲ್ಲಿ ಹಿಂದಿನಿಂದ ಮುದುಕಿಯ ಚೀತ್ಕಾರ ಕೇಳಿತು. "ಅಯ್ಯೋ! ನಮ್ಮದನ್ನ ಒಡೆದುಬಿಟ್ಟ! ನಮ್ಮದು! ಸುಫೆನ್, ನಮ್ಮದು ಒಡೀತು ಕಣೇ!"

ಜಿನ್‌ದಿ ಜನರ ಕಾಲ ನಡುವೆಯೇ ತೂರಿ ಬಂದು ಮೇಜಿನ ಅಂಚು ಹಿಡಿದುಕೊಂಡಳು. ಹಿಡಿಯ ಚೂರನ್ನು ಬೊರೂನ ಕೈಯಿಂದ ಕಿತ್ತು ಬೆರಳಿಗೆ ತೊಡಿಸಿಕೊಂಡಳು. ಅದು ಅವಳ ಬೆರಳಿಗೆ ಸರಿಯಾಗಿ ಕೂತಿತು.

"ಮುದುಕಿಗೆ ಭ್ರಮೆ," ಎಂದ ಬೊರೂ.

ಸುಫೆನ್ ಉಳಿದ ಗಿಂಡಿಗೆ ಕೈಚಾಚಿದಳು. ಬೊರೂ ಎರಡೂ ತೋಳಿನಿಂದ ಅದನ್ನು ಅಪ್ಪಿಕೊಂಡ. "ಮುಟ್ಟಬೇಡ! ಇದೊಂದೇ ಉಳಿದಿರೋದು! ಇದು ವಾನ್‌ಚುವಾನ್‌ದು!"

"ಬೊರೂ," ಎಂದ ಬಿಯಾನ್ ಅಜ್ಜ, "ಒಂದನ್ನ ಬಲು ಧೈರ್ಯವಾಗಿ ಒಡೆದೆ. ಇನ್ನೊಂದಕ್ಕೆ ಯಾಕೋ ಹೀಗೆ ನಡುಗ್ತೀಯ? ಕೈ ತೆಗಿ."

ಅವನು ತೆಗೆಯಲಿಲ್ಲ. ಇಬ್ಬರು ಹಿಡಿದು ತೆಗೆಸಬೇಕಾಯಿತು. ಸುಫೆನ್ ಸುತ್ತಿಗೆಯನ್ನೂ ಎತ್ತಲಿಲ್ಲ. ಕೆಸರು ತೆಳ್ಳಗೆ ಸವರಿದ್ದ ಜಾಗ ನೋಡಿ ಹೆಬ್ಬೆರಳಿಟ್ಟು ಒತ್ತಿದಳು, ಹಿಡಿ ಟಕ್ಕೆಂದು ಕಳಚಿಕೊಂಡಿತು. ಬಿಯಾನ್ ಅಜ್ಜ ಗಿಂಡಿಯನ್ನು ಕಣ್ಣ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿದ. "ಯಿನ್ ದೆಷುನನ ಮಗಳು... ಸುಫೆನ್. ಎಂಬತ್ತೆಂಟನೇ ಇಸವಿ."

 ಅಜ್ಜ ಗಿಂಡಿಯನ್ನು ಕೆಳಗಿಟ್ಟು, ಚೂರುಗಳ ಕಡೆ ನೋಡಿ, ಬೊರೂನ ಕಡೆ ನೋಡಿದ. "ನೀರು ಹಾಕೋವಾಗ ಅದಲು ಬದಲು ಮಾಡಿದೆ. ಗೊತ್ತಿದ್ದೂ ಅಸಲಿ ಒಡೆದೆ. ಥೂ! ನೀನೂ ಒಬ್ಬ ಮನುಷ್ಯನಾ?"

"ಇನ್ನೊಂದು ಬಾಕಿ ಇದೆ ಅಜ್ಜ," ಎಂದಳು ಸುಫೆನ್. ಅವಳ ದನಿ ಅವಳಿಗೇ ಪರಕೀಯವೆನ್ನಿಸುವಷ್ಟು ತಣ್ಣಗಿತ್ತು. "ಮೇಷ್ಟ್ರೇ, ಹದಿನೇಳು ವರ್ಷದ ಹಿಂದೆ ಇದೇ ಅಂಗಡೀಲಿ ಕೂತು ಒಂದು ಮಾತಾಡಿದ್ರಿ. ಈಗ ಇನ್ನೊಂದು ಆಡಿ. ಆ ಚೂರು ಯಾರದು?"

ಬೊರೂ ಕುರ್ಚಿಯಲ್ಲಿ ಕುಸಿದ. ರೇಷ್ಮೆ ಅಂಗಿಯ ಮೇಲೆಲ್ಲ ನೀರು ಚೆಲ್ಲಿತ್ತು. "ದೆಷುನನದು," ಎಂದ.

"ಗಟ್ಟಿಯಾಗಿ."

"ದೆಷುನನದು! ಅಸಲಿ. ಅವತ್ತೂ ಗೊತ್ತಿತ್ತು. ವ್ಯಾಪಾರಿಯನ್ನ ಕಳಿಸಿದ್ದೂ ನಾನೇ. ಸಾಕಾ?"

ಸಾಕಾಗಿತ್ತು. ಹದಿನೇಳು ವರ್ಷದಿಂದ ಹೊಟ್ಟೆಯೊಳಗೆ ಉರಿಯುತ್ತಿದ್ದುದು ತಣ್ಣಗಾಯಿತು ಎಂದೇ ಅವಳಿಗೆ ಅನ್ನಿಸಿತು. ಅಂದು ನಕ್ಕಿದ್ದವರೇ ಈಗ 'ಛೀ' ಎನ್ನುತ್ತ ಬೊರೂನ ಮುಂದಿನಿಂದ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ತೈವಾನಿನ ಸಾಹುಕಾರನೊಬ್ಬ ತನ್ನ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡ. ಇದನ್ನು ನೋಡಲು ಅಪ್ಪ ಇರಬೇಕಿತ್ತು ಎಂದು ಖುಷಿಯಲ್ಲಿ ಅಂದುಕೊಂಡಳು.

ಆಗ ಬೊರೂ ತಲೆಯೆತ್ತಿದ. ಸೋತವನ ಕೈಯಲ್ಲಿ ಇನ್ನೂ ಒಂದು ಕಲ್ಲು ಉಳಿದಿತ್ತು. "ನಾನು ಬದಲಾಯಿಸೋವಾಗ ನಿನ್ನ ಕಣ್ಣು ನನ್ನ ಕೈ ಮೇಲೇ ಇತ್ತು ಸುಫೆನ್. ನೀನು ನೋಡಿದ್ದನ್ನ ನಾನೂ ನೋಡಿದೆ. ಒಂದು ಮಾತು ಕೂಗಿದ್ರೆ ನನ್ನ ಕೈ ನಿಲ್ತಿತ್ತು. ಯಾಕೆ ಕೂಗಲಿಲ್ಲ?"

"ನಮ್ಮಪ್ಪ ಸಾಯೋವಾಗ ನಿಮ್ಮ ಬಾಯಿಂದ ಒಂದು ಮಾತು ಬಂದಿತ್ತಾ? ಅದಕ್ಕೆ," ಎಂದಳು ಅವಳು, ಥಟ್ಟನೆ.

ಹೇಳಿದ ಮೇಲೆ ಗೊತ್ತಾಯಿತು, ತಾಯಿ ಪಕ್ಕದಲ್ಲೇ ಮೊಣಕಾಲೂರಿ ಚೂರು ಹೆಕ್ಕುತ್ತಿದ್ದಾಳೆ ಎಂದು. ಜಿನ್‌ದಿಯ ಕೈ ಅಲ್ಲೇ ನಿಂತಿತು. ಅವಳು ಮಗಳ ಮುಖವನ್ನು ನೋಡಲಿಲ್ಲ. ಮತ್ತೆ ಹೆಕ್ಕತೊಡಗಿದಳು. ಕಡಲೆಕಾಳಿನಷ್ಟು ಚೂರನ್ನೂ ಬಿಡದೆ ಆರಿಸಿ, ಜೇಬಿನ ಮೆತ್ತನೆ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡಳು.

ಬಸ್ಸಿನ ಕಟ್ಟೆಯವರೆಗೂ ಜನ ಹಿಂದೆ ಬಂದರು. "ದೆಷುನಣ್ಣ ದೇವರಂಥವನು, ನಮಗೆ ಆಗಲೇ ಅನುಮಾನ ಇತ್ತು" ಎಂದರು. ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಆ ಅನುಮಾನ! ಬಿಯಾನ್ ಅಜ್ಜ, ಸಂಘದ ಪುಸ್ತಕದಲ್ಲಿ ದೆಷುನನ ಹೆಸರನ್ನು ಮತ್ತೆ ಬರೆಸುತ್ತೇನೆ, ಅವನ ಸಮಾಧಿಯ ಮುಂದೆ ಅದನ್ನು ಓದಿಸುತ್ತೇನೆ ಎಂದು ಮಾತು ಕೊಟ್ಟ. ಸುಫೆನ್ ಎಲ್ಲರಿಗೂ ತಲೆಬಾಗಿದಳು. ಜನ ಚದುರಿ ತಾಯಿ ಮಗಳು ಇಬ್ಬರೇ ಉಳಿದಾಗ ಹೊತ್ತು ಮಧ್ಯಾಹ್ನ, ತಾಯಿ ಎರಡನೆಯ ಸಲ ಚಹಾ ಹಾಕುವ ಹೊತ್ತು.

"ಅಮ್ಮ, ಏನಾದ್ರೂ ಮಾತಾಡೇ."

"ಏನು ಮಾತಾಡಲಿ?" ಜಿನ್‌ದಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದಳು. "ಅವನು ಕದ್ದ, ನಿಜ. ಹಾಳಾಗಿ ಹೋಗಲಿ. ಆದರೆ ಕದ್ದಿಟ್ಟುಕೊಂಡು ಇಷ್ಟು ವರ್ಷ ಒಂದು ಗೀರು ಬೀಳದ ಹಾಗೆ ಇಟ್ಟಿದ್ದ. ಇದೆ ಅಂತ ಗೊತ್ತಿತ್ತು ನನಗೆ. ಒಂದಲ್ಲ ಒಂದು ದಿನ ಅದರಲ್ಲಿ ಚಹಾ ಹಾಕಿ ನಿಮ್ಮಪ್ಪನ ಫೋಟೋದ ಮುಂದೆ ಇಡ್ತೀನಿ ಅಂದ್ಕೊಂಡು ನಿನ್ನ ಗಿಂಡಿಗೆ ಹದಿಮೂರು ವರ್ಷ ನೀರು ಹೊತ್ತೆ."

"ಅಪ್ಪನ ಹೆಸರು ಉಳೀತಲ್ಲಮ್ಮ! ಅಪ್ಪ ಕೇಳಿದ್ದು ಅದೊಂದೇ ಅಲ್ವಾ?"

"ಉಳೀತು," ಎಂದಳು ಜಿನ್‌ದಿ. "ಒಳ್ಳೇದಾಯ್ತು. ಮನೆಗೆ ಹೋದ ಮೇಲೆ ಗಿಂಡಿ ಬದಲು ಆ ಹೆಸರಿನೊಳಗೇ ಒಂದು ಲೋಟ ಚಹಾ ಹಾಕಿ ಕೊಡು, ಕುಡೀತೀನಿ."

ಬಸ್ಸು ಬಂತು. ಮೆಟ್ಟಿಲು ಎತ್ತರವಾಗಿತ್ತು, ಸುಫೆನ್ ಕೈ ನೀಡಿದಳು. ಮುದುಕಿ ಅದನ್ನು ಹಿಡಿಯದೆ, ಗಂಟನ್ನು ಎದೆಗೊತ್ತಿಕೊಂಡು, ಕಂಬಿ ಹಿಡಿದು ತಾನೇ ಹತ್ತಿದಳು. ಒಳಗೆ ಜಾಗ ಬೇಕಾದಷ್ಟಿತ್ತು. ಜಿನ್‌ದಿ ಒಬ್ಬರೇ ಕೂರುವ ಸೀಟಿನಲ್ಲಿ ಕೂತಳು.